ಸಾದಾ ನೀರು ಕೊಡ್ರಿ ಅನ್ಲಿಕ್ಕ ಅಂಜಿಕಿ ಯಾಕ?

ನಮಸ್ಕಾರ್ರಿ ಎಲ್ಲರಿಗೂ. ಇವತ್ತಿನ ಮಾತು ಊಟದ್ದು, ಆದ್ರ ರೆಸಿಪಿ ಅಲ್ಲ, ಯಾವ ಹೊಟೇಲ್ ಚೊಲೋ ಯಾವುದು ಕೆಟ್ಟದ್ದು ಅನ್ನೋ ರಿವ್ಯೂನೂ ಅಲ್ಲ. ಬೆಂಗಳೂರು, ಹೈದರಾಬಾದ್‌ದಾಗ ಫೈವ್ ಸ್ಟಾರ್ ಹೊಟೇಲ್ ಒಳಗ ರೆಸ್ಟೋರೆಂಟ್ ಇರ್ತಾವಲ್ಲ, ಅಲ್ಲಿಗಿ ನಮ್ಮ ಕಲಬುರಗಿ ಕಡಿ ಮಂದಿ ಹೋದಾಗ ಏನಾಗ್ತದ ಅಂತ ಹೇಳ್ಬೇಕು ಅನ್ಸ್ಯಾದ, ಯಾಕಂದ್ರ ಇದು ನಮ್ಮ ಮನಿಯವರಿಗೇ ಆಗಿದ್ದು.

ನಮ್ಮಪ್ಪ ಸರ್ಕಾರಿ ಶಾಲಿ ಮಾಸ್ತರ. 34 ವರ್ಷ ಸರ್ವಿಸ್. ರಿಟೈರ್ ಆದ ವರ್ಷ ನಾನೂ ನನ್ನ ತಮ್ಮನೂ ಕೂಡಿ, ಅಪ್ಪ ಅವ್ವಗ ಒಂದ್ಸಲ ದೊಡ್ಡ ಹೊಟೇಲ್ದಾಗ ಊಟ ಮಾಡ್ಸಬೇಕು ಅಂತ ಠರಾವ್ ಮಾಡಿದ್ವಿ, ತಮ್ಮ ಬೆಂಗಳೂರಾಗೇ ನೌಕರಿ ಮಾಡ್ತಾನ, ಅವನೇ ಟೇಬಲ್ ಬುಕ್ ಮಾಡಿದ್ದ. ರಾತ್ರಿ ಟ್ರೇನಿಗಿ ಹೋಗಿ, ಸಂಜಿಗಿ ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕ್ಕೊಂಡು ರೆಡಿ ಆಗಿ ಒಂದು ತಾಸು ಮೊದಲೇ ಕುಂತಿದ್ರು.

ಒಳಗ ಹೋಗಿ ಕುಂತ ಕೂಡ್ಲೇ ವೇಟರ್ ಬಂದ, ಬಗ್ಗಿ ಭಾಳ ಮರ್ಯಾದಿಲೆ ಕೇಳಿದ, ಸ್ಟಿಲ್ ಆರ್ ಸ್ಪಾರ್ಕ್ಲಿಂಗ್ ಸರ್? ಅಂದ್ರ ಗ್ಯಾಸ್ ಇಲ್ಲದ ಬಾಟ್ಲಿ ನೀರು ಬೇಕೋ, ಗ್ಯಾಸಿನ ನೀರು ಬೇಕೋ ಅಂತ. ಅಪ್ಪ ನನ್ನ ಮಾರಿ ನೋಡಿದ್ರು. ನೂರಾರು ಹುಡುಗರಿಗಿ ಪಾಠ ಹೇಳಿದ ಮನುಷ್ಯ, ಒಂದು ನೀರಿನ ಪ್ರಶ್ನಿಗಿ ಮಗಳ ಮಾರಿ ನೋಡಿದ್ರು. ನಾ ಸ್ಟಿಲ್ ಅಂದೆ. ಗಾಜಿನ ಬಾಟ್ಲಿ ಬಂತು, ಅಪ್ಪ ಎರಡು ಗುಟುಕು ಕುಡಿದ್ರ ಸಾಕು ಅವ ಬಂದು ಮತ್ತ ತುಂಬ್ಸವ, ಬಾಟ್ಲಿ ಖಾಲಿ ಆದ್ರ ಕೇಳಂಗಿಲ್ಲ, ಇನ್ನೊಂದು ಒಡದು ತರವ. ನಾಕು ಬಾಟ್ಲಿ ಆದ್ವು.

ಆಮ್ಯಾಲ ಮೆನು ಕೊಟ್ರು. ನಾ ಅಪ್ಪನ ಕಣ್ಣು ನೋಡ್ಲಿಕತ್ತಿದ್ದೆ, ಅವು ಎಡಗಡಿ ಹೆಸರಿನ ಮ್ಯಾಲ ಇರ್ಲಿಲ್ಲ, ಬಲಗಡಿ ರೇಟಿನ ಮ್ಯಾಲ ಕೆಳಗಿಳೀಲಿಕತ್ತಿದ್ವು. ಕಡೀಕ ಮೆನು ಮುಚ್ಚಿ ಇಟ್ಟು, ನನಗ ಹಸಿವಿಲ್ಲವ್ವ, ಒಂದು ದಾಲ್ ಇದ್ರ ಸಾಕು ಅಂದ್ರು. ಮನ್ಯಾಗ ನಾಕು ರೊಟ್ಟಿ ಉಣ್ಣೋ ಮನುಷ್ಯ. ತೊಗರಿ ಕಣಜದಿಂದ ಬಂದವರು ನಾವು, ನಮ್ಮ ಕಲಬುರಗಿ ತೊಗರಿಬ್ಯಾಳಿಗಿ 2019ರಾಗ ಜಿಐ ಟ್ಯಾಗ್, ಅಂದ್ರ ಇದು ಈ ಊರಿನ ವಿಶೇಷ ಬೆಳಿ ಅನ್ನೋ ಸರ್ಕಾರಿ ಗುರುತು, ಸಿಕ್ಕದ, ಅಲ್ಲಿ ಒಂದು ವಾಟಿ ದಾಲ್ ತಡ್ಕಾ 850 ರೂಪಾಯಿ, ಅಪ್ಪ ಅದನ್ನ ಇನ್ನೊಂದು ಚಮಚ ಹಾಕ್ಕೊಳ್ಳಲಿಕ್ಕೂ ಹಿಂದ ಮುಂದ ನೋಡಿದ್ರು. ಅವತ್ತು ನನಗ ಭಾಳ ಕೆಟ್ಟನಿಸ್ತು. ರೊಕ್ಕಕ್ಕಲ್ಲ. ಖುಷಿ ಪಡ್ಲಿ ಅಂತ ಕರ್ಕೊಂಡು ಹೋದ ಜಾಗದಾಗ ಅವರು ಅಂಜಿಕೊಂಡು ಕುಂತಿದ್ರಲ್ಲ, ಅದಕ್ಕ.

ಬಿಲ್ ಹೇಳ್ತೀನಿ ಕೇಳ್ರಿ. ಊಟ, ನೀರು ಎಲ್ಲ ಸೇರಿ 9,200. ಇದರಾಗ ನೀರಿಂದೇ 1,400, ಬಾಟ್ಲಿಗಿ 350ರಂಗ. ಅದರ ಮ್ಯಾಲ ಸರ್ವಿಸ್ ಚಾರ್ಜ್ 10 ಪರ್ಸೆಂಟ್, 920. ಈಗ 10,120 ಆತಲ್ಲ, ಈ ಪೂರಾ ಮೊತ್ತದ ಮ್ಯಾಲ 18 ಪರ್ಸೆಂಟ್ ಜಿಎಸ್‌ಟಿ, ಅಂದ್ರ ಸರ್ವಿಸ್ ಚಾರ್ಜಿನ ಮ್ಯಾಲೂ ಟ್ಯಾಕ್ಸ್ ಬಿತ್ತು. 11,942 ರೂಪಾಯಿ. ತಮ್ಮ ಕಾರ್ಡ್ ಕೊಟ್ಟ, ಯಾರೂ ಏನೂ ಕೇಳ್ಲಿಲ್ಲ, ನಾನೂ ಕೇಳ್ಲಿಲ್ಲ.

ಆ ಬಿಲ್ ಫೋಟೋ ಇನ್ನೂ ನನ್ನ ಫೋನಿನ್ಯಾಗ ಅದ. ಊರಿಗಿ ಬಂದ ಮ್ಯಾಲ ಒಂದೊಂದೇ ಸಾಲು ಹಿಡ್ಕೊಂಡು ಇದು ಯಾಕ, ಇದು ಯಾಕ ಅಂತ ಓದಿ ತಿಳ್ಕೊಂಡೆ.

ಮೊದಲು ಜಿಎಸ್‌ಟಿ. ನಮ್ಮ ಕಲಬುರಗಿ ಸೂಪರ್ ಮಾರ್ಕೆಟ್ ಪ್ಯಾಟಿ ಕಡಿ ಯಾವುದಾರ ಹೊಟೇಲ್‌ಗಿ ಹೋದ್ರ 5 ಪರ್ಸೆಂಟ್, ಅಲ್ಲಿ 18, ಯಾಕ? ಹೊಟೇಲ್ದಾಗ ರೂಮಿನ ಬಾಡಿಗಿ ದಿನಕ್ಕ 7,500 ರೂಪಾಯಿ ದಾಟಿದ್ರ ಅದರೊಳಗಿನ ರೆಸ್ಟೋರೆಂಟಿಗಿ 18 ಪರ್ಸೆಂಟ್ ಬೀಳ್ತದ. ನೀವು ಅಲ್ಲಿ ರೂಮು ತಗೊಂಡಿಲ್ಲ, ಬರೇ ದಾಲ್ ಉಂಡೀರಿ, ಆದ್ರೂ ಅಷ್ಟೇ. ಇದು ಕಾನೂನು, ಇದರಾಗ ವಾದ ಮಾಡ್ಲಿಕ್ಕ ಬರಂಗಿಲ್ಲ, ಹೋಗೋಕಿನ ಮೊದಲು ಲೆಕ್ಕ ಹಾಕ್ಕೊಂಡು ಹೋಗ್ಬೇಕು.

ಸರ್ವಿಸ್ ಚಾರ್ಜ್ ಮಾತು ಬ್ಯಾರೆ. ಭಾಳ ಮಂದಿ ಇದನ್ನೂ ಟ್ಯಾಕ್ಸ್ ಅಂತ ತಿಳ್ಕೊಂಡಾರ, ನಾನೂ ಹಂಗೇ ತಿಳ್ಕೊಂಡಿದ್ದೆ. ಅದು ಟ್ಯಾಕ್ಸ್ ಅಲ್ಲ, ಸರ್ಕಾರಕ್ಕ ಹೋಗಂಗಿಲ್ಲ, ಹೊಟೇಲ್‌ನವರು ತಾವೇ ಹಾಕೋದು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈದಾಗೇ ಹೇಳ್ಯಾದ, ಬಿಲ್ಲಿನ್ಯಾಗ ತನ್ನಷ್ಟಕ್ಕ ತಾನೇ ಇದನ್ನ ಸೇರ್ಸಂಗಿಲ್ಲ, ಗಿರಾಕಿ ಮನಸಿದ್ರ ಕೊಡ್ತಾನ ಇಲ್ಲಂದ್ರ ಇಲ್ಲ ಅಂತ. ಹೊಟೇಲ್ ಸಂಘದವರು ಕೋರ್ಟಿಗಿ ಹೋಗಿ ಅದಕ್ಕ ತಡೆ ತಂದ್ರು, ಕಡೀಕ 2025ರ ಮಾರ್ಚ್ 28ಕ್ಕ ದೆಹಲಿ ಹೈಕೋರ್ಟ್ ಆ ನಿಯಮ ಸರಿ ಅದ ಅಂತ ತೀರ್ಪು ಕೊಟ್ಟದ, ಅದರ ಮ್ಯಾಲೂ ಅಪೀಲ್ ಹೋಗ್ಯಾರ ಅವರು. ನೀವು ಮಾಡ್ಬೇಕಾಗಿದ್ದು ಇಷ್ಟೇ, ಸರ್ವಿಸ್ ಚಾರ್ಜ್ ತೆಗೀರಿ ಅಂತ ಸಮಾಧಾನಲೆ ಹೇಳೋದು. ತೆಗೀಲಿಲ್ಲಂದ್ರ 1915ಕ್ಕ ಫೋನ್ ಹಚ್ರಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಊಟ ಬಡಿಸಿದ ಹುಡುಗನ ಕೆಲಸ ನಿಮಗ ಮನಸಿಗಿ ಬಂದ್ರ ಅವನ ಕೈಯಾಗೇ ಕೊಡ್ರಿ, ಅವಗ ಮುಟ್ಟಿದ್ದು ನಿಮ್ಮ ಕಣ್ಣಿಗಿ ಕಾಣ್ತದ.

ನೀರಿನ ಬಾಟ್ಲಿ ಎಂಆರ್‌ಪಿಗಿಂತ ಜಾಸ್ತಿಗಿ ಹೆಂಗ ಮಾರ್ತೀರಿ ಅಂತ ಅಲ್ಲಿ ಜಗಳಕ್ಕ ನಿಂತ್ರ ನೀವೇ ಸೋಲ್ತೀರಿ. 2017ರ ಡಿಸೆಂಬರ್‌ದಾಗ ಸುಪ್ರೀಂ ಕೋರ್ಟ್ ಹೇಳ್ಯಾದ, ಹೊಟೇಲ್‌ನವರು ಬರೇ ಬಾಟ್ಲಿ ಮಾರಂಗಿಲ್ಲ, ಜಾಗ, ಸೇವಾ ಎಲ್ಲ ಕೂಡಿ ಕೊಡ್ತಾರ, ಹಂಗಾಗಿ ಎಂಆರ್‌ಪಿ ದಾಟಬಹುದು ಅಂತ. ಅದಕ್ಕ ಬಾಟ್ಲಿ ಒಡಿಯೋಕಿನ ಮೊದಲೇ ಬಾಯಿ ಬಿಡ್ಬೇಕು, ಸಾದಾ ಫಿಲ್ಟರ್ ನೀರು ಕೊಡ್ರಿ ಅಂತ. ನಾ ಆಮ್ಯಾಲ ಹೋದಲ್ಲೆಲ್ಲ ಕೇಳೀನಿ, ತಂದು ಕೊಟ್ಟಾರ, ಯಾರೂ ಮಾರಿ ಗಂಟು ಹಾಕಿಲ್ಲ.

ಒಂದು ಮಾತು ಇಲ್ಲಿ ಹೇಳ್ಬೇಕು, ಆ ಹೊಟೇಲ್‌ಗಳಿಗಿ ಹೋಗ್ಲೇಬ್ಯಾಡ್ರಿ ಅಂತ ನಾ ಹೇಳ್ಲಿಕತ್ತಿಲ್ಲ. ಅಲ್ಲಿ ಕಲ್ತು ಮಾಡೋ ಅಡಗಿ ಇರ್ತದ, ಮನ್ಯಾಗ ಮಾಡ್ಲಿಕ್ಕ ಬರಲಾರದ್ದು ಇರ್ತದ, ಅದನ್ನ ಉಣ್ಲಿಕ್ಕ ಹೋಗ್ಬೇಕು. ಬೆಂಗಳೂರು ರೆಸಿಡೆನ್ಸಿ ರೋಡಿನ ತಾಜ್ ಗ್ರೂಪಿನ ಹೊಟೇಲ್ದಾಗ ಕರಾವಳಿ ಅಂತ ರೆಸ್ಟೋರೆಂಟ್ 1990ರಾಗ ಸುರು ಆತು, ಮಂಗಳೂರು, ಕೊಡಗು, ಗೋವಾ, ಕೇರಳ ಕಡಿ ಮನಿ ಅಡಗಿಗಿ ಫೈವ್ ಸ್ಟಾರ್ ಹೊಟೇಲ್ದಾಗ ಮಾನದ ಜಾಗ ಸಿಕ್ತು. ನಿಜಾಮಿ ಅಡಗಿಗಿ ಹೈದರಾಬಾದಿನ ಫಲಕ್‌ನುಮಾ ಅರಮನಿನೇ ಹೊಟೇಲ್ ಆಗ್ಯಾದ, 101 ಮಂದಿ ಕೂಡೋ ಊಟದ ಟೇಬಲ್ ಅಲ್ಲಿ ಇನ್ನೂ ಅದ. 1948ರ ತನಕ ನಮ್ಮ ಜಿಲ್ಲಾನೂ ಅದೇ ನಿಜಾಮನ ಸಂಸ್ಥಾನದಾಗೇ ಇತ್ತು. ನಮ್ಮ ಪುಂಡಿ ಪಲ್ಯ, ಝುಣಕ, ಯಳ್ಳಮಾಸಿ ಭಜ್ಜಿ, ಸಜ್ಜಿ ಕಡಬು, ಇವಕ್ಕ ಅಂಥ ಟೇಬಲ್ ಯಾವಾಗ?

ಇದ್ದದ್ದು ಒಂದು ರೊಟ್ಟಿ. 2023 ಸಿರಿಧಾನ್ಯ ವರ್ಷ ಅಂತ ಜಗತ್ತೆಲ್ಲ ಆಚರಿಸಿದ ಮ್ಯಾಲ ದೊಡ್ಡ ಹೊಟೇಲ್ ಬಫೆದಾಗ ಜ್ವಾಳದ ರೊಟ್ಟಿ ಇಡ್ಲಿಕತ್ತಾರ, ಖುಷಿ ಆತು ನನಗ, ಓಡಿ ಹೋಗಿ ತಗೊಂಡೆ. ಮುರೀಲಿಕ್ಕ ಹೋದ್ರ ಮುರೀಲಿಲ್ಲ, ಎಳದ್ರ ಹಿಗ್ಗಿತು. ನೋಡ್ರಿ, ಜ್ವಾಳದ ಹಿಟ್ಟಿನ್ಯಾಗ ಗೋಧಿ ಹಿಟ್ಟಿನಂಗ ಜಿಗಿ ಇರಂಗಿಲ್ಲ, ಎಸರು ಹಾಕಿ ನಾದಬೇಕು, ಕೈಲೆ ಬಡೀಬೇಕು, ಹಂಚಿಗಿ ಹಾಕಿ ಮ್ಯಾಲ ನೀರಿನ ಅರಿವಿ ಸವರಬೇಕು, ಉಬ್ಬಿದ ಗಳಿಗ್ಯಾಗೇ ತಾಟಿಗಿ ಬೀಳಬೇಕು, ಇಲ್ಲಂದ್ರ ಪೂರಾ ಒಣಗಿಸಿ ಖಡಕ್ ಮಾಡಿ ಇಡಬೇಕು. ಈ ಎರಡೂ ಬಿಟ್ಟು ಮುಚ್ಚಿದ ಸ್ಟೀಲ್ ಬೋಗಾಣಿದಾಗ ಕೆಳಗ ಕಾವು ಹಚ್ಚಿ ಇಟ್ರ, ತನ್ನ ಉಗಿಗೇ ತಾನು ತೊಯ್ದು ತೊಗಲಿನಂಗ ಆಗ್ತದ. ಅದನ್ನ ಬಾಯಾಗಿಟ್ಟ ಬ್ಯಾರೆ ಕಡಿ ಮಂದಿ ಓಹೋ ಜ್ವಾಳದ ರೊಟ್ಟಿ ಅಂದ್ರ ಹಿಂಗಿರ್ತದೇನು ಅಂತ ಎದ್ದು ಹೋಗ್ತಾರ, ನನಗ ಹೊಟ್ಟಿ ಉರೀತದ. ಬಾಜೂಕ ದೋಸಿ ಹುಡುಗ ಬಿಸಿ ಬಿಸಿ ಹಾಕಿ ಕೊಡ್ಲಿಕತ್ತಿದ್ದ, ರೊಟ್ಟಿಗೂ ಹಂಗೇ ಒಂದು ಹಂಚು ಇಡ್ರಿ, ನಮ್ಮ ಕಡಿ ರೊಟ್ಟಿ ಬಡಿಯೋ ಹೆಣ್ಮಕ್ಕಳಿಗಿ ಕರೀರಿ ಅಂತ ಅವರ ಫೀಡ್‌ಬ್ಯಾಕ್ ಕಾರ್ಡಿನ ಮ್ಯಾಲ ಕನ್ನಡದಾಗೇ ಬರದು ಬಂದೀನಿ. ನೀವೂ ಬರೀರಿ, ಹತ್ತು ಮಂದಿ ಬರದ್ರ ಒಬ್ಬರಾದ್ರೂ ಓದ್ತಾರ.

ಈ ವರ್ಷ ಅವ್ವನ ಕಣ್ಣು ತೋರಿಸ್ಲಿಕ್ಕ ಹೈದರಾಬಾದಿಗಿ ಹೋಗಿದ್ವಿ. ಕೆಲಸ ಮುಗದ ಮ್ಯಾಲ ಮತ್ತ ಅಂಥದ್ದೇ ಒಂದು ಹೊಟೇಲ್‌ಗಿ ಕರ್ಕೊಂಡು ಹೋದೆ, ಅಪ್ಪ ಬ್ಯಾಡ ಅಂದ್ರು, ನಾ ಬಿಡ್ಲಿಲ್ಲ. ನೀರು ಕೇಳ್ಲಿಕ್ಕ ವೇಟರ್ ಬಂದ, ನಾ ಬಾಯಿ ತೆಗೆಯೋದ್ರಾಗೇ ಅಪ್ಪನೇ, ಸಾದಾ ನೀರು ಕೊಡ್ರಿ ಅಂದ್ರು. ಬಘಾರಾ ಬೈಂಗನ್ ತರಿಸಿದ್ವಿ. ಅವ್ವ ಒಂದು ತುತ್ತು ಉಂಡು, ಇದರಾಗ ಶೇಂಗಾ ಅದ, ಎಳ್ಳದ, ಹುಣಸಿ ಹುಳಿ ಅದ, ನಮ್ಮ ಎಣ್ಣಿಗಾಯಿನೇ ಅಲ್ಲೇನ ಇದು ಅಂದಳು, ಅಷ್ಟಕ್ಕೇ ಸುಮ್ಮನಾಗ್ಲಿಲ್ಲ, ಆ ಹುಡುಗನಿಗಿ ಕರದು ನಮ್ಮ ಕಡಿ ದಖನಿ ಉರ್ದುದಾಗೇ ಯಾರು ಮಾಡಿದ್ದು ಅಂತ ಕೇಳಿದಳು. ಒಳಗಿಂದ ಶೆಫ್ ಬಂದ, ವಯಸ್ಸಾದ ಮನುಷ್ಯ, ಟೇಬಲ್ ಹತ್ರ ನಿಂತು ಕೈ ಕಟ್ಕೊಂಡು ಕೇಳಿದ. ಅವ್ವ ಅವನಿಗಿ ಗುರೆಳ್ಳು ಹುರದು ಪುಡಿ ಮಾಡಿ ಕಡೀಕ ಹಾಕಬೇಕು, ಮೊದಲೇ ಹಾಕಿದ್ರ ಕಹಿ ಬರ್ತದ ಅಂತ ಹೇಳ್ಲಿಕತ್ತಿದ್ದಳು, ಅಪ್ಪ ಅಷ್ಟೊತ್ತಿಗಿ ಎರಡನೇ ಸಲ ಅನ್ನ ಹಾಕ್ಕೊಂಡಿದ್ರು. ಬಿಲ್ ಬಂತು, ಸರ್ವಿಸ್ ಚಾರ್ಜ್ ಇತ್ತು, ತೆಗೀರಿ ಅಂದೆ, ಎರಡು ಮಿನಿಟಿನ್ಯಾಗ ಬ್ಯಾರೆ ಬಿಲ್ ತಂದ್ರು. ಹೊರಗ ಬರೋವಾಗ ಆ ವೇಟರ್ ಹುಡುಗನ ಕೈಯಾಗ 300 ರೂಪಾಯಿ ಅಪ್ಪನೇ ಇಟ್ರು.