ಕತ್ತಿ ಕೈ ಜಾರಿದರೂ ಕೆಳಗೆ ಬೀಳದಂತೆ

ಕೇಳುಗರಿಗೆ ನಮಸ್ಕಾರ.

ಅಡಿಕೆ ಕೊನೆ ತೆಗೆಯುವಾಗ ಮರದ ಮೇಲಿರುವವರ ಬಗ್ಗೆ ನಮಗೆಲ್ಲ ಆತಂಕ ಇದ್ದೇ ಇರುತ್ತದೆ. ಕೆಳಗೆ ಹಗ್ಗ ಹಿಡಿದು ನಿಂತವರ ನೆನಪು ಅಷ್ಟಾಗಿ ಬರುವುದಿಲ್ಲ, ಅಲ್ವಾ? 50 ಅಡಿ ಮೇಲಿನಿಂದ ಜಾರಿದ ಕತ್ತಿ ನೆಲ ಮುಟ್ಟಲು ಎರಡು ಸೆಕೆಂಡೂ ಬೇಡ. ಆಗ ಅದರ ವೇಗ ಗಂಟೆಗೆ ಸುಮಾರು 60 ಕಿಲೋಮೀಟರ್. ಮೇಲಿನಿಂದ ಕೂಗಿದರೆ ಕೆಳಗಿನವರು ತಲೆ ಎತ್ತಿ ನೋಡುತ್ತಾರೆ, ಅಷ್ಟೇ.

ನೆಲದಲ್ಲಿ ನಿಂತೇ ಕೊನೆ ಕೊಯ್ಯುವ ಉದ್ದದ ಗಳ, ಅಂದರೆ ಫೈಬರ್ ದೋಟಿ, ಬಂದ ಮೇಲೆ ಮರ ಹತ್ತುವುದು ಕಡಿಮೆಯಾಗಿದೆ ನಿಜ. ಆದರೂ ಹತ್ತುವವರು ಇನ್ನೂ ಇದ್ದಾರೆ. ಅವರ ಕತ್ತಿಯ ಹಿಡಿಗೂ ಮಣಿಕಟ್ಟಿಗೂ ನಡುವೆ ಒಂದು ದಾರ ಇದ್ದರೆ ಸಾಕು.

ನಾಲ್ಕು ಮಿಲಿಮೀಟರ್ ದಪ್ಪದ, ಹೆಣೆದ ನೈಲಾನ್ ದಾರ 80 ಸೆಂಟಿಮೀಟರ್ ತೆಗೆದುಕೊಳ್ಳಿ. ಕತ್ತರಿಸಿದ ತುದಿಗಳನ್ನು ಬೆಂಕಿಗೆ ಹಿಡಿದು ಕರಗಿಸಿ, ಬಿಚ್ಚಿಕೊಳ್ಳುವುದಿಲ್ಲ. ಬೆರಳಿನಿಂದ ಒತ್ತಬೇಡಿ, ಕರಗಿದ ನೈಲಾನ್ ಚರ್ಮಕ್ಕೆ ಅಂಟಿ ಸುಡುತ್ತದೆ. ಈಗ ಒಂದೊಂದು ತುದಿಯನ್ನೂ ಇನ್ನೊಂದು ಎಳೆಯ ಸುತ್ತ ಗಂಟು ಹಾಕಿ, ಎರಡೂ ಗಂಟು ಒಂದಕ್ಕೊಂದು ಕೂರುವ ಹಾಗೆ ಎಳೆಯಿರಿ. ಬಳೆಯ ಹಾಗೆ ಒಂದು ಸುತ್ತು ಸಿಕ್ಕಿತು.

ಹಿಡಿಯಲ್ಲಿ ತೂತು ಬೇಕು. ನಮ್ಮ ಕಮ್ಮಾರರ ಕತ್ತಿಗೆ ಸಾಮಾನ್ಯವಾಗಿ ಇರುವುದಿಲ್ಲ. ಕೊರೆಯುವ ಮೊದಲು ಕಬ್ಬಿಣದ ಬಾಲ ಮರದ ಒಳಗೆ ಎಲ್ಲಿವರೆಗೆ ಹೋಗಿದೆ ಎಂದು ಕಮ್ಮಾರರನ್ನೇ ಕೇಳಿ. ಅದು ಮುಗಿದ ಆಚೆಗೆ ಕೊರೆಯಬೇಕು. ಬಾಲ ಹಿಡಿಯ ತುದಿಯವರೆಗೂ ಬಂದಿದ್ದರೆ ಸುಮ್ನೆ ಹಿಡಿ ಸೀಳಬೇಡಿ, ಬೇರೆ ಹಿಡಿ ಹಾಕಿಸಿ.

ದಾರದ ಮಡಿಕೆಯನ್ನು ತೂತಿನಲ್ಲಿ ತೂರಿಸಿ, ಉಳಿದ ದಾರವನ್ನೆಲ್ಲ ಆ ಮಡಿಕೆಯೊಳಗಿಂದ ಎಳೆದು ಬಿಗಿ ಮಾಡಿ. ಗಂಟು ಹಿಡಿಯ ಪಕ್ಕಕ್ಕೇ ಬರಲಿ. ಮಣಿಕಟ್ಟಿನ ಕಡೆ ಬಂದರೆ ದಿನವಿಡೀ ಉಜ್ಜುತ್ತದೆ.

ಇನ್ನು ಸರಿಯುವ ಗಂಟು. ಜಾತ್ರೆಯಲ್ಲಿ ಮಾರುವ ಕೈದಾರದಲ್ಲಿ ಗಂಟು ಸರಿಸಿ ಬಿಗಿ ಮಾಡಿಕೊಳ್ಳುತ್ತೀವಲ್ಲ, ಉಪಾಯ ಅದೇ. ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ ಉದ್ದದ ಬೇರೆ ತುಂಡು ತೆಗೆದುಕೊಂಡು, ಜೋಡಿ ಎಳೆಗಳ ಸುತ್ತ ಮೂರು ಸುತ್ತು ಸುತ್ತಿ. ತುದಿಯನ್ನು ಆ ಸುತ್ತುಗಳ ಅಡಿಯಿಂದ ಹಿಂದಕ್ಕೆ ತೂರಿಸಿ, ಎರಡೂ ಕಡೆ ಎಳೆಯಿರಿ. ಕೈ ಹಾಕಿ ಗಂಟನ್ನು ಮಣಿಕಟ್ಟಿನತ್ತ ಸರಿಸಿದರೆ ಆಯಿತು.

ಎಷ್ಟು ಬಿಗಿ ಇರಬೇಕು? ಕತ್ತಿ ಜೋತಾಡಿದರೆ ಗಂಟು ಅಲುಗಬಾರದು. ಕೈ ಎಲ್ಲೋ ಸಿಕ್ಕಿಕೊಂಡು ಜೋರಾಗಿ ಎಳೆದರೆ ಸರಿದು ಬಿಡಬೇಕು. ಪ್ಯಾರಾಚೂಟ್ ದಾರ ಎಂದು ಮಾರುವುದು ಸುಮಾರು 250 ಕಿಲೋ ತೂಕ ತಡೆಯುತ್ತದೆ. ನಮ್ಮ ಮಣಿಕಟ್ಟು ತಡೆಯುವುದಿಲ್ಲ. ಅದಕ್ಕೇ ದಾರದ ಬಲಕ್ಕಿಂತ ಗಂಟಿನ ಹದವೇ ಮುಖ್ಯ ಎನ್ನುತ್ತೇನೆ. ಹೊಸ ನೈಲಾನ್ ಜಾರುತ್ತದೆ. ಮೂರು ಸುತ್ತು ಸಾಲದಿದ್ದರೆ ನಾಲ್ಕು ಹಾಕಿ. ಮೊದಲ ಪರೀಕ್ಷೆ ಕತ್ತಿಯ ಬಾಯಿಗೆ ಗೋಣಿ ಸುತ್ತಿ, ನೆಲದ ಮೇಲೆ ನಿಂತೇ ಆಗಲಿ.

ಒಂದು ಮಾತು. ನೆಲದ ಮೇಲೆ ಬೀಸಿ ಕಡಿಯುವ ಕೆಲಸಕ್ಕೆ ಈ ದಾರ ಬೇಡವೇ ಬೇಡ. ಬೀಸುವಾಗ ಕೈ ತಪ್ಪಿದ ಕತ್ತಿ ದೂರ ಹೋಗಿ ಬೀಳುವ ಬದಲು ತಿರುಗಿ ನಮ್ಮ ಕಡೆಗೇ ಬರುತ್ತದೆ. ಅಡಿಕೆ ಸುಲಿಯುವ ಯಂತ್ರ, ಹುಲ್ಲು ಕತ್ತರಿಸುವ ಯಂತ್ರದ ಹತ್ತಿರವೂ ಕೈಯಲ್ಲಿ ದಾರ ಇರಬಾರದು. ಮರದಿಂದ ಮರಕ್ಕೆ ದಾಟುವಾಗ ದಾರದಿಂದ ಕೈ ತೆಗೆದು, ಕತ್ತಿಯನ್ನು ಸೊಂಟದ ಕೊಕ್ಕೆಗೆ ಹಾಕಿಕೊಳ್ಳಿ.

ಬಿಸಿಲಿಗೆ ನೈಲಾನ್ ಸೊರಗುತ್ತದೆ. ಕತ್ತಿ ಮಸೆಯುವಾಗಲೆಲ್ಲ ದಾರವನ್ನೂ ಒಮ್ಮೆ ನೋಡಿ. ಮೇಲಿನ ಹೆಣಿಗೆ ಕಿತ್ತು ಒಳಗಿನ ಬಿಳಿ ಎಳೆ ಕಂಡರೆ ಹೊಸದು ಕಟ್ಟಿ.