ಗೋಳಕ್ಕೆ ಸುತ್ತಿದ ತಂತಿ

ಸಭಿಕರೇ,

ಹಾರುವ ಯಂತ್ರದ ಮೇಲೆ ಗಾಳಿ ಹಾಕುವ ಬಲವನ್ನು ನೆಲದ ಮೇಲೆ ನಿಂತೇ ಅಳೆಯಲು ಕಲಿತ ಮೊದಲ ತಲೆಮಾರಿನವರಿಗೆ, ಅಳೆಯುವ ಗಾಳಿಯನ್ನೇ ಮೊದಲು ಅರ್ಥಮಾಡಿಕೊಳ್ಳಬೇಕಾಗಿ ಬಂತು. ಇಂದು ನಾನು ಹೇಳಹೊರಟಿರುವುದು ಆ ಕಥೆಯನ್ನು.

ಜರ್ಮನಿಯ ಗಟ್ಟಿಂಗೆನ್‌ನಲ್ಲಿ ವಿಜ್ಞಾನಿ ಲುಡ್ವಿಗ್ ಪ್ರಾಂಟ್ಲ್ ಅವರು ಕಟ್ಟಿಸಿದ, 1909ರ ಹೊತ್ತಿಗೆ ಕೆಲಸ ಮಾಡುತ್ತಿದ್ದ ಗಾಳಿಸುರಂಗ, ಎಂದರೆ ನಿಲ್ಲಿಸಿಟ್ಟ ಮಾದರಿಯ ಮೇಲೆ ಗಾಳಿ ಹಾಯಿಸಿ ಅಳೆಯುವ ಕೊಳವೆ, ಹುಟ್ಟಿದ್ದೇ ಹಗುರ ಅನಿಲ ತುಂಬಿ ತೇಲುವ ವಾಯುನೌಕೆಗಳಿಗಾಗಿ. 2 ಮೀಟರ್ ಅಗಲ, 2 ಮೀಟರ್ ಎತ್ತರದ ಆ ಸುರಂಗದಲ್ಲಿ ಸೆಕೆಂಡಿಗೆ ಸುಮಾರು 10 ಮೀಟರ್ ವೇಗದ ಗಾಳಿ ಅದೇ ದಾರಿಯಲ್ಲಿ ಸುತ್ತುತ್ತಿತ್ತು. ಅಲ್ಲಿ ಗೆಯಾರ್ಗ್ ಫೂರ್‌ಮಾನ್ ಅವರು ಮೊದಲು ಗಣಿತದಿಂದ ಆಕಾರಗಳನ್ನು ಪಡೆದು, ವಿದ್ಯುತ್ ಲೇಪನದ ತಾಮ್ರದಲ್ಲಿ ಟೊಳ್ಳು ಮಾದರಿಗಳನ್ನು ಮಾಡಿ, ಅವುಗಳ ಮೈಗೆ ಸಣ್ಣ ಸಣ್ಣ ರಂಧ್ರ ಕೊರೆದು, ಮೂತಿಯಿಂದ ಬಾಲದವರೆಗೆ ಗಾಳಿಯ ಒತ್ತಡವನ್ನು ಒಂದೊಂದಾಗಿ ಅಳೆದರು. ಮೈಯ ಬಹುಭಾಗದಲ್ಲಿ ಅಳತೆಯೂ ಲೆಕ್ಕವೂ ಸೊಗಸಾಗಿ ಹೊಂದಿದವು. ಬಾಲದ ಬಳಿ ಮಾತ್ರ ಹೊಂದಲಿಲ್ಲ. ಘರ್ಷಣೆಯೇ ಇಲ್ಲದ ಆದರ್ಶ ಗಾಳಿಯಲ್ಲಿ ಪ್ರತಿರೋಧ, ಎಂದರೆ ಹಿಂದಕ್ಕೆಳೆಯುವ ಬಲ, ಸೊನ್ನೆಯಾಗಬೇಕು ಎನ್ನುತ್ತದೆ ಗಣಿತ. ವಾಯುನೌಕೆಯನ್ನು ನಿಜವಾಗಿ ಹಿಂದಕ್ಕೆಳೆಯುವುದು ಮೈಗೆ ಉಜ್ಜಿ ಸಾಗುವ ಗಾಳಿಯ ಘರ್ಷಣೆ ಮತ್ತು ಬಾಲದ ಆ ಸಣ್ಣ ವ್ಯತ್ಯಾಸ. ಇಡೀ ಪ್ರಯೋಗದ ಹೂರಣ ಇರುವುದು ಅಲ್ಲಿಯೇ ಎಂದು ನನ್ನ ಎಣಿಕೆ.

ಬಳಿಕ ಬಂದದ್ದು ಗೋಳದ ತಕರಾರು. ಪ್ಯಾರಿಸ್‌ನಲ್ಲಿ ಗುಸ್ತಾವ್ ಐಫೆಲ್ ಅಳೆದ ಗೋಳದ ಪ್ರತಿರೋಧ ಗಟ್ಟಿಂಗೆನ್‌ನ ಅಳತೆಯ ಅರ್ಧಕ್ಕಿಂತಲೂ ಕಡಿಮೆಯಿತ್ತು. ಐಫೆಲ್ ಲೆಕ್ಕ ತಪ್ಪಿದ್ದಾರೆಂದೇ ಜರ್ಮನರು ಭಾವಿಸಿದರು. ಎಂಬತ್ತರ ಆ ಹಿರಿಯರು ಬೇರೆ ಬೇರೆ ವೇಗಗಳಲ್ಲಿ ಮತ್ತೆ ಅಳೆದು, ಒಂದು ವೇಗ ದಾಟಿದ ಮೇಲೆ ಪ್ರತಿರೋಧ ತಟ್ಟನೆ ಕುಸಿಯುತ್ತದೆಂದು ತೋರಿಸಿದರು. ಕಾರಣವನ್ನು ಬಿಡಿಸಿದವರು ಪ್ರಾಂಟ್ಲ್. 1914ರಲ್ಲಿ ಅವರು ಗೋಳದ ನಡುವಿಗಿಂತ ತುಸು ಮುಂದೆ ತೆಳುವಾದ ತಂತಿಯೊಂದನ್ನು ಬಳೆಯಂತೆ ಸುತ್ತಿದರು. ನಯವಾದ ಮೈಗೆ ಅಡ್ಡಿ ಸೇರಿಸಿದರೂ ಪ್ರತಿರೋಧ ಇಳಿಯಿತು! ಮೈಗಂಟಿದ ತೆಳು ಗಾಳಿಪದರ ತಂತಿಗೆ ತಾಗಿ ಕಲಕಿಹೋದಾಗ ಅದು ಇನ್ನಷ್ಟು ಹಿಂದಿನವರೆಗೆ ಗೋಳವನ್ನು ಹಿಡಿದುಕೊಳ್ಳುತ್ತದೆ, ಹಿಂದಿನ ಸುಳಿಗಳ ಪಟ್ಟಿ ಕಿರಿದಾಗುತ್ತದೆ, ಅದರಿಂದ ಪ್ರತಿರೋಧವೂ ಇಳಿಯುತ್ತದೆ. ವೇಗ ಹೆಚ್ಚಿದಾಗ ಆ ಪದರ ತಂತಿಯಿಲ್ಲದೆಯೂ ಹೀಗೆ ಕಲಕಿಹೋಗುತ್ತದೆ. ಆ ಕುಸಿತದ ಈಚೆ ಒಂದು, ಆಚೆ ಒಂದು ಎಂಬಂತೆ ಎರಡೂ ಪ್ರಯೋಗಾಲಯಗಳು ಸರಿಯಾಗಿಯೇ ಅಳೆದಿದ್ದವು.

ವಿಮಾನದ ಸ್ಥಿರತೆಯ, ಎಂದರೆ ಅಲುಗಿದರೂ ತಾನಾಗಿಯೇ ನೆಟ್ಟಗಾಗುವ ಗುಣದ, ಕೆಲಸ ನಡೆದದ್ದು ಇಂಗ್ಲೆಂಡಿನಲ್ಲಿ. ಗಣಿತಜ್ಞ ಜಿ. ಎಚ್. ಬ್ರಯಾನ್ 1911ರಲ್ಲಿ ಅದರ ಸಮೀಕರಣಗಳನ್ನು ಕೊಟ್ಟಿದ್ದರು, ಆದರೆ ಅವುಗಳಲ್ಲಿ ತುಂಬಬೇಕಾದ ಸಂಖ್ಯೆಗಳಿರಲಿಲ್ಲ. ಟೆಡಿಂಗ್ಟನ್‌ನ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿ ಲೆನರ್ಡ್ ಬೇರ್‌ಸ್ಟೋ ಮತ್ತು ಸಂಗಡಿಗರು ವಿಮಾನದ ಮಾದರಿಯನ್ನು ಸ್ಪ್ರಿಂಗಿಗೆ ಕಟ್ಟಿ, ಗಾಳಿಯಲ್ಲಿ ತೂಗಿಬಿಟ್ಟು, ತೂಗಾಟ ಎಷ್ಟು ಬೇಗ ಅಡಗುತ್ತದೆಂದು ನೋಡಿ ಆ ಸಂಖ್ಯೆಗಳನ್ನು ಪಡೆದರು. ಫಾರ್ನ್‌ಬರೋದ ಸರ್ಕಾರಿ ವಿಮಾನ ಕಾರ್ಖಾನೆಯಲ್ಲಿ ಎಡ್ವರ್ಡ್ ಬಸ್ಕ್ ಅವುಗಳನ್ನು ನಿಜವಾದ ವಿಮಾನಕ್ಕೆ ಇಳಿಸಿದರು. ರೆಕ್ಕೆಯ ತುದಿಗಳನ್ನು ತುಸು ಮೇಲಕ್ಕೆತ್ತಿದರೆ, ವಿಮಾನ ಒಂದು ಕಡೆಗೆ ವಾಲಿ ಜಾರತೊಡಗಿದಾಗ ಕೆಳಗಾದ ರೆಕ್ಕೆಯೇ ಹೆಚ್ಚು ಎತ್ತುಬಲ ಪಡೆದು ಅದನ್ನು ನೆಟ್ಟಗಾಗಿಸುತ್ತದೆ. ಹೀಗೆ ರೂಪುಗೊಂಡ ಬಿ.ಇ.2ಸಿ ವಿಮಾನವನ್ನು 1914ರ ಜೂನ್‌ನಲ್ಲಿ ಸೇನಾಧಿಕಾರಿ ಸೆಫ್ಟನ್ ಬ್ರ್ಯಾಂಕರ್ ಫಾರ್ನ್‌ಬರೋದಿಂದ ನೆದರೇವನ್ ವಿಮಾನನೆಲೆಗೆ ಹಾರಿಸಿಕೊಂಡು ಹೋದಾಗ, ದಾರಿಯುದ್ದಕ್ಕೂ ನಿಯಂತ್ರಣದಿಂದ ಕೈತೆಗೆದು, ಕೆಳಗಿನ ಊರುಕೇರಿಗಳ ಬಗ್ಗೆ ವರದಿ ಬರೆಯುತ್ತ ಕುಳಿತಿದ್ದರು. ಅದೇ ವರ್ಷ ನವೆಂಬರ್ 5ರಂದು, ಅದೇ ಮಾದರಿಯ ವಿಮಾನಕ್ಕೆ ಆಕಾಶದಲ್ಲೇ ಬೆಂಕಿ ಹೊತ್ತಿ, ಬಸ್ಕ್ ತೀರಿಕೊಂಡರು.