ಮಧ್ಯಾಹ್ನ ಎರಡು ಗಂಟೆಯ ಪಾರ್ಕು

ಕೇಳುಗರಿಗೆ ನಮಸ್ಕಾರ.

ಇವತ್ತು ಪಾರ್ಕುಗಳ ಬಗ್ಗೆ ಮಾತಾಡೋಣ ಅಂತ ಬಂದಿದ್ದೇನೆ. ಬಡಾವಣೆಯ ಪಾರ್ಕುಗಳಲ್ಲ. ಊರಿನ ನಟ್ಟನಡುವೆ, ಅಂಗಡಿ, ಆಫೀಸು, ಬಸ್ ಸ್ಟ್ಯಾಂಡುಗಳ ಮಧ್ಯೆ ಇರುವ ಪಾರ್ಕುಗಳು. ಬೆಂಗಳೂರಿನ ಮೆಜೆಸ್ಟಿಕ್, ಚಿಕ್ಕಪೇಟೆ, ಅವೆನ್ಯೂ ರಸ್ತೆ ಕಡೆ ಓಡಾಡಿದವರಿಗೆ ಗೊತ್ತು, ಅಲ್ಲಿ ಸುಮ್ನೆ ಹತ್ತು ನಿಮಿಷ ಕೂರಬೇಕು ಅಂದರೆ ಒಂದೋ ಕಾಫಿ ಕೊಳ್ಳಬೇಕು, ಇಲ್ಲ ದೇವಸ್ಥಾನಕ್ಕೆ ಹೋಗಬೇಕು.

ನಾನು ಹನ್ನೊಂದು ವರ್ಷ ಆ ಕಡೆ ಒಂದು ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ಮಧ್ಯಾಹ್ನ ಊಟಕ್ಕೆ ಅರ್ಧ ಗಂಟೆ. ಅಂಗಡಿ ಒಳಗೆ ತಿನ್ನುವ ಹಾಗಿರಲಿಲ್ಲ, ಬಟ್ಟೆಗೆ ವಾಸನೆ ಹಿಡಿಯುತ್ತೆ ಅಂತ. ಎರಡು ಬೀದಿ ಆಚೆ ಒಂದು ಪುಟ್ಟ ಪಾರ್ಕಿತ್ತು. ಎರಡು ದೊಡ್ಡ ಹೊಂಗೆ ಮರ, ಕೆಳಗೆ ತಂಪು ನೆರಳು, ಆರೋ ಏಳೋ ಕಲ್ಲು ಬೆಂಚು. ಗೇಟಿಗೆ ಬೀಗ. ಬೆಳಗ್ಗೆ ಹತ್ತಕ್ಕೆ ಹಾಕಿದರೆ ಸಂಜೆ ನಾಲ್ಕಕ್ಕೇ ತೆಗೆಯುವುದು. ಒಂದು ದಿನ ವಾಚ್‌ಮನ್ ಹತ್ತಿರ ಕೇಳಿಯೇ ಬಿಟ್ಟೆ, "ಅಣ್ಣಾ, ಇಪ್ಪತ್ತು ನಿಮಿಷ ಕೂತು ಊಟ ಮಾಡಿ ಹೋಗ್ತೀವಿ." "ಆಗಲ್ಲಮ್ಮ, ಒಳಗೆ ಬಿಟ್ರೆ ನನ್ ಕೆಲಸ ಹೋಗುತ್ತೆ" ಅಂದರು. ಪಾಪ, ಅವರ ತಪ್ಪೇನೂ ಇಲ್ಲ. ನಾನೂ ಜೊತೆಯ ಇಬ್ಬರು ಹುಡುಗಿಯರೂ ಗೇಟಿನ ಆಚೆ ಚರಂಡಿ ಚಪ್ಪಡಿಯ ಮೇಲೆ ಕೂತು ಡಬ್ಬಿ ಬಿಚ್ಚಿದೆವು. ಕಂಬಿಯ ಒಳಗೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ, ಖಾಲಿ ಬೆಂಚು. ಅದರ ತುಂಬ ಹೊಂಗೆ ಹೂ ಉದುರಿತ್ತು.

ಆ ವೇಳಾಪಟ್ಟಿ ಯಾರಿಗಾಗಿ ಮಾಡಿದ್ದು ಹೇಳಿ? ಬೆಳಗ್ಗೆ ವಾಕಿಂಗ್ ಹೋಗುವವರಿಗೆ. ಜಯನಗರದಲ್ಲಿ, ಮಲ್ಲೇಶ್ವರದಲ್ಲಿ ಅದು ಸರಿ. ಆದರೆ ಪೇಟೆಯ ಜನ ಬಂದಿಳಿಯುವುದೇ ಹತ್ತು ಗಂಟೆಯ ಮೇಲೆ. ಹಮಾಲರು, ಸೇಲ್ಸ್ ಹುಡುಗಿಯರು, ಕೋರ್ಟಿಗೆ ಬಂದ ಹಳ್ಳಿಯವರು, ರಾತ್ರಿ ಬಸ್ಸಿಗೆ ಕಾಯುವ ಸಂಸಾರಗಳು. ಅವರಿಗೆ ನೆರಳು ಬೇಕಾದ ಹೊತ್ತಿಗೇ ಗೇಟು ಮುಚ್ಚಿರುತ್ತಿತ್ತು. 2024ರಲ್ಲಿ ಪಾಲಿಕೆಯ ಪಾರ್ಕುಗಳನ್ನು ಬೆಳಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಬೇಕು ಅಂತ ಆದೇಶ ಬಂತು. ನನಗೆ ನಿಜವಾಗಲೂ ತುಂಬ ಖುಷಿಯಾಯಿತು.

ನಮ್ಮ ಊರಿನ ನಡುವೆ ಬಯಲು ಇರಲೇ ಇಲ್ಲ ಅಂತೇನಿಲ್ಲ. ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಕಂಠೀರವ ಸ್ಟೇಡಿಯಂ ಸಂಪಂಗಿ ಕೆರೆಯ ಜಾಗ. ಹೋದದ್ದು ಹೋಯಿತು. ಉಳಿದಿರುವುದರಲ್ಲಿ ದೊಡ್ಡದು ಕಬ್ಬನ್ ಪಾರ್ಕು. 1870ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆಗಿದ್ದ ರಿಚರ್ಡ್ ಸ್ಯಾಂಕಿ ಅದನ್ನು ಮಾಡಿಸಿದಾಗ ನೂರು ಎಕರೆ ಇತ್ತು, ಈಗ ಸುಮಾರು ಮುನ್ನೂರು. 1927ರಿಂದ ಅದರ ಹೆಸರು ಶ್ರೀ ಚಾಮರಾಜೇಂದ್ರ ಉದ್ಯಾನ, ಆದರೂ ಜನರ ಬಾಯಲ್ಲಿ ಕಬ್ಬನ್ ಪಾರ್ಕೇ. ಅದು ಯಾಕೆ ಇಷ್ಟು ಜೀವಂತವಾಗಿದೆ ಅಂದರೆ, ನನ್ನ ಪ್ರಕಾರ, ಅದರೊಳಗೆ ಹಾದು ಹೋಗಬಹುದು. ಹಡ್ಸನ್ ವೃತ್ತದ ಹತ್ತಿರ ಒಳಗೆ ಹೊಕ್ಕವರು ಬಿದಿರು ಮೆಳೆ, ಲೈಬ್ರರಿ ದಾಟಿಕೊಂಡು ಹೈಕೋರ್ಟಿನ ಹಿಂಭಾಗಕ್ಕೆ ಬಂದುಬಿಡುತ್ತಾರೆ. ಫೈಲು ಹಿಡಿದ ಗುಮಾಸ್ತರು, ಪುಸ್ತಕ ಹಿಡಿದ ಹುಡುಗರು, ಮಕ್ಕಳನ್ನು ಬಾಲಭವನಕ್ಕೆ ಕರೆದೊಯ್ಯುವ ಅಮ್ಮಂದಿರು, ಎಲ್ಲರಿಗೂ ಅದು ದಾರಿ. ಜನ ಓಡಾಡುವ ಕಡೆ ಭಯ ಕಡಿಮೆ.

ನ್ಯೂಯಾರ್ಕಿನ ನಡುವೆ ಬ್ರಯಂಟ್ ಪಾರ್ಕ್ ಅಂತ ಇದೆ. 1970ರ ದಶಕದಲ್ಲಿ ಅಲ್ಲಿಗೆ ಹೋಗಲು ಜನ ಹೆದರುತ್ತಿದ್ದರು, ಗಾಂಜಾ ಮಾರುವವರ ಅಡ್ಡೆಯಾಗಿತ್ತು. ವಿಲಿಯಂ ವೈಟ್ ಅನ್ನುವವರು, ಜನ ಎಲ್ಲಿ ಕೂರುತ್ತಾರೆ, ಎಲ್ಲಿ ಕೂರುವುದಿಲ್ಲ ಅಂತ ಕ್ಯಾಮೆರಾ ಇಟ್ಟು ವರ್ಷಗಟ್ಟಲೆ ನೋಡಿದವರು, ಒಂದು ಮಾತು ಹೇಳಿದರು: ಬೀದಿಗೆ ಈ ಪಾರ್ಕು ಕಾಣುವುದೇ ಇಲ್ಲ, ಅದಕ್ಕೇ ಹೀಗಾಗಿದೆ. ದಟ್ಟ ಬೇಲಿಗಿಡ ತೆಗೆದರು, ಒಳದಾರಿ ಅಗಲ ಮಾಡಿದರು, ಬೇಕಾದ ಕಡೆ ಎತ್ತಿ ಹಾಕಿಕೊಳ್ಳುವಂಥ ಹಗುರ ಕುರ್ಚಿ ಇಟ್ಟರು. 1992ರಲ್ಲಿ ಮತ್ತೆ ತೆರೆದಾಗ ಜನ ತುಂಬಿದರು. ವೈಟ್ ಅವರ ಇನ್ನೊಂದು ಮಾತು ನನ್ನ ಮನಸ್ಸಿಗೆ ನಾಟಿದೆ. ಒಂದು ಜಾಗ ಚೆನ್ನಾಗಿದೆಯೋ ಇಲ್ಲವೋ ತಿಳಿಯಬೇಕಾದರೆ, ಅಲ್ಲಿ ಎಷ್ಟು ಹೆಂಗಸರು ಕೂತಿದ್ದಾರೆ ಅಂತ ನೋಡಬೇಕು.

ನಮ್ಮಲ್ಲಿ ಪಾರ್ಕು ಅಭಿವೃದ್ಧಿ ಅಂದ ತಕ್ಷಣ ಕಮಾನು, ಕಾರಂಜಿ, ಬಣ್ಣದ ಲೈಟು, ಇಂಟರ್‌ಲಾಕ್ ಟೈಲ್ಸು. ಮರದ ಬುಡದವರೆಗೂ ಸಿಮೆಂಟು ಮೆತ್ತಿಬಿಡುತ್ತಾರೆ, ಬೇರಿಗೆ ನೀರೂ ಇಲ್ಲ, ಗಾಳಿಯೂ ಇಲ್ಲ. ಮರ ಮೂರು ಮಳೆಗಾಲ ಕಾದು ನಾಲ್ಕನೆಯದರಲ್ಲಿ ಬೀಳುತ್ತೆ. ದೆಹಲಿಯಲ್ಲಿ 2013ರಲ್ಲಿ ಹಸಿರು ನ್ಯಾಯಮಂಡಳಿ, ಮರದ ಸುತ್ತ ಒಂದು ಮೀಟರ್ ಕಾಂಕ್ರೀಟು ತೆಗೆಯಿರಿ ಅಂತ ಆದೇಶ ಮಾಡಬೇಕಾಯಿತು. ಕಾರಂಜಿ ಬೇಡ. ಮರದ ಬುಡಕ್ಕೆ ಮಣ್ಣು ಬಿಡಿ, ಒರಗುವ ಬೆಂಚು ಹಾಕಿಸಿ, ಕುಡಿಯುವ ನೀರಿನ ನಲ್ಲಿ ಕೊಡಿ, ಇನ್ನೊಂದು ಪಕ್ಕದಲ್ಲೂ ಒಂದು ಗೇಟು ಇಡಿ. ಹೆಂಗಸರಿಗೆ ಕ್ಲೀನಾದ ಶೌಚಾಲಯ ಇದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಪೇಟೆಯಲ್ಲಿ ಕೆಲಸ ಮಾಡುವ ಎಷ್ಟು ಹೆಣ್ಣುಮಕ್ಕಳು ಇದೊಂದೇ ಕಾರಣಕ್ಕೆ ಇಡೀ ದಿನ ನೀರು ಕುಡಿಯುವುದಿಲ್ಲ ಗೊತ್ತಾ? ನಾನೂ ಕುಡಿಯುತ್ತಿರಲಿಲ್ಲ.

ಹೋದ ತಿಂಗಳು ಆ ಹಳೇ ಪಾರ್ಕಿಗೆ ಹೋಗಿದ್ದೆ. ಮಧ್ಯಾಹ್ನ ಎರಡು ಗಂಟೆ. ಗೇಟು ತೆರೆದಿತ್ತು! ಹೊಂಗೆ ಮರದಡಿ ಒಬ್ಬ ಹಮಾಲಿ ಮುಖಕ್ಕೆ ಟವಲ್ ಹಾಕಿಕೊಂಡು ಮಲಗಿದ್ದರು. ಮೂವರು ಹುಡುಗಿಯರು ಒಂದೇ ಡಬ್ಬಿಯ ಚಿತ್ರಾನ್ನ ಹಂಚಿಕೊಳ್ಳುತ್ತಿದ್ದರು. ನನಗೂ ಒಂದು ತುತ್ತು ಕೊಟ್ಟರು. ಮೂಲೆಯಲ್ಲಿ ಹೊಸ ಶೌಚಾಲಯ ಕಟ್ಟಿದ್ದಾರೆ, ಅದಕ್ಕೆ ಮಾತ್ರ ಬೀಗ. "ಕೀಲಿ ಯಾರ ಹತ್ರ ಇದೆ ಗೊತ್ತಿಲ್ಲ ಅಕ್ಕಾ" ಅಂದಳು ಒಬ್ಬಳು. ಅಲ್ಲೇ ಬೆಂಚಿನ ಮೇಲೆ ಕೂತು ಅರ್ಜಿ ಬರೆದೆ, ಆ ಮೂವರೂ ಸಹಿ ಹಾಕಿದರು. ವಾರ್ಡ್ ಆಫೀಸಿನಲ್ಲಿ ಕೊಟ್ಟು ಬಂದಿದ್ದೇನೆ. ಸೋಮವಾರ ಹೋಗಿ ಮತ್ತೆ ಕೇಳುತ್ತೇನೆ.

ನಮಸ್ಕಾರ.